ಬೇಸಿಗೆಯಲ್ಲಿ ಮಳೆ ಹಿಡಿದಾಗ: ಕೈತೋಟದ ಹುಳುಗಳನ್ನು ಗುರುತಿಸುವುದು, ಹತೋಟಿ ಮಾಡುವುದು



ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆ ನಮ್ಮವರ ಮನೆಗಳಲ್ಲಿ ಮುಂದೆ ನಾಲ್ಕು ಗುಲಾಬಿ, ಹಿತ್ತಲಲ್ಲಿ ಹಾಗಲ ಅಥವಾ ಹೀರೆ ಬಳ್ಳಿ, ತಾರಸಿಯಲ್ಲಿ ಟೊಮೊಟೊ ಕುಂಡ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಒಂದೆರಡು ಮಾವಿನ ಮಳೆ ಬಿದ್ದರೆ ತೋಟಕ್ಕೆ ಒಳ್ಳೆಯದೇ. ಆದರೆ ಏಪ್ರಿಲ್-ಮೇ ತಿಂಗಳಲ್ಲೇ ದಿನಗಟ್ಟಲೆ ಮಳೆ ಹಿಡಿದರೆ ಕೀಟಗಳ ಲೆಕ್ಕವೇ ಬದಲಾಗುತ್ತದೆ.

ಒಣ ಬಿಸಿಲಿನಲ್ಲಿ ಹೆಚ್ಚುವುದು ಕೆಂಪು ನುಸಿ, ಥ್ರಿಪ್ಸ್, ಹಿಟ್ಟು ತಿಗಣೆ. ಜೋರು ಮಳೆ ಇವನ್ನು ತೊಳೆದು ಹಾಕುತ್ತದೆ. ಇವುಗಳ ಜಾಗಕ್ಕೆ ಬಸವನ ಹುಳು, ಎಲೆ ತಿನ್ನುವ ಹುಳು, ಹಣ್ಣು ನೊಣ, ಜೊತೆಗೆ ಶಿಲೀಂಧ್ರ ರೋಗಗಳು ಬರುತ್ತವೆ. ಹಾಗಾಗಿ ಹೋದ ಬೇಸಿಗೆಯಲ್ಲಿ ತಂದ ಬಾಟಲಿ ಈ ಬೇಸಿಗೆಗೆ ಆಗದೆ ಹೋಗಬಹುದು. ಹೊಡೆದ ಔಷಧಿ ಸಂಜೆಯ ಮಳೆಗೆ ತೊಳೆದೂ ಹೋಗುತ್ತದೆ. ಔಷಧಿಗೆ ಮೊದಲು ಹುಳು ಯಾವುದೆಂದು ನೋಡಬೇಕು.

ಗುರುತು ನೋಡುವುದು ಹೇಗೆ?

• ಎಲೆಯಲ್ಲಿ ದೊಡ್ಡ ತೂತು, ಹತ್ತಿರದಲ್ಲೇ ಒಣಗಿ ಹೊಳೆಯುವ ಲೋಳೆಯ ಗೆರೆ: ಬಸವನ ಹುಳು.
• ತೂತಿನ ಜೊತೆ ಎಲೆಯ ಮೇಲೆ ಕಪ್ಪು ಹಿಕ್ಕೆ: ಎಲೆ ತಿನ್ನುವ ಹುಳು. ಎಲೆ ಮಗುಚಿ ನೋಡಿ, ಮೊಟ್ಟೆಯ ಗುಂಪು ಇದ್ದರೆ ಆ ಎಲೆಯನ್ನೇ ಕಿತ್ತು ಹಾಕಿ.
• ಟೊಮೊಟೊ, ಹುರುಳಿಕಾಯಿ ಎಲೆಯಲ್ಲಿ ಅಂಕುಡೊಂಕಾದ ಬಿಳಿ ಗೆರೆ: ರಂಗೋಲಿ ಹುಳು. ಗೆರೆ ಬಿದ್ದ ಎಲೆ ಕಿತ್ತರೆ ಸಾಕು.
• ಚಿಗುರು ಮುದುಡಿ, ಎಲೆ ಅಂಟಂಟಾಗಿ, ಕಾಂಡದ ಮೇಲೆ ಇರುವೆ ಸಾಲು: ಸಸ್ಯ ಹೇನು.
• ಹಾಗಲಕಾಯಿ ಸೊಟ್ಟಗಾಗಿ ಬೇಗ ಹಳದಿಯಾಗಿ, ಒಳಗೆ ಬಿಳಿ ಹುಳು: ಹಣ್ಣು ನೊಣ.
• ಗುಲಾಬಿ ಎಲೆಯ ಮೇಲೆ ಕಪ್ಪು ಚುಕ್ಕೆ, ಸುತ್ತ ಹಳದಿ, ಎಲೆ ಉದುರುವುದು: ಇದು ಹುಳುವಿನ ಕೆಲಸವಲ್ಲ, ಶಿಲೀಂಧ್ರ ರೋಗ. ಕೀಟನಾಶಕ ಎಷ್ಟು ಹೊಡೆದರೂ ಪ್ರಯೋಜನವಿಲ್ಲ.

ಹಗಲಲ್ಲಿ ಏನೂ ಕಾಣದಿದ್ದರೆ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ತಿನ್ನುವವರಲ್ಲಿ ಹೆಚ್ಚಿನವರು ಆಗಲೇ ಸಿಗುತ್ತಾರೆ.

ಬಸವನ ಹುಳು

ಈಗ ಬೆಂಗಳೂರು ಸುತ್ತಮುತ್ತ ಕಾಡುತ್ತಿರುವ ದೊಡ್ಡ ಬಸವನ ಹುಳು ಪೂರ್ವ ಆಫ್ರಿಕಾದ್ದು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು ದೇಶವೆಲ್ಲ ಹರಡಿತು. ಪ್ರತಿಯೊಂದು ಹುಳುವಿನಲ್ಲೂ ಗಂಡು-ಹೆಣ್ಣು ಎರಡೂ ಅಂಗಗಳಿರುತ್ತವೆ. ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡುತ್ತದೆ. ಅದಕ್ಕೇ ಮಳೆಯ ಮೊದಲ ವಾರದಲ್ಲೇ ಹಿಡಿಯುವುದು ಮುಖ್ಯ.

ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪರಂಗಿ ಎಲೆ ಅಥವಾ ಎಲೆಕೋಸಿನ ಸಿಪ್ಪೆ ಇಡಿ. ಬೆಳಗ್ಗೆ ಹೊತ್ತಿಗೆ ಅಡಿಯಲ್ಲಿ ಸೇರಿರುತ್ತವೆ. ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಸತ್ತ ಮೇಲೆ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಉಪ್ಪನ್ನು ಗಿಡದ ಬುಡಕ್ಕೆ ಎರಚಬೇಡಿ, ಮಣ್ಣು ಕೆಡುತ್ತದೆ.

ಬರಿಗೈಯಲ್ಲಿ ಮುಟ್ಟಲೇಬೇಡಿ. ಮಿದುಳಿನ ಪೊರೆಗೆ ಊತ ತರುವ ಒಂದು ಜಾತಿಯ ಪರೋಪಜೀವಿ ಹುಳು ಈ ಬಸವನ ಹುಳುವಿನಲ್ಲಿ ಇರಬಹುದು. ಕೈಗವಸು ಹಾಕಿ, ಮಕ್ಕಳ ಕೈಗೆ ಕೊಡಬೇಡಿ, ತೋಟದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ ತಿನ್ನಿ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಬಸವನ ಹುಳುವನ್ನು ಕೊಲ್ಲುತ್ತದೆ, ಆದರೆ ನಾಯಿ ತಿಂದರೆ ಅದನ್ನೂ ಕೊಲ್ಲಬಲ್ಲದು. ಮಕ್ಕಳು, ಸಾಕುಪ್ರಾಣಿ ಇರುವ ಮನೆಗೆ ಅದು ಬೇಡ. ನರ್ಸರಿಯಿಂದ ಹೊಸ ಗಿಡ ತಂದಾಗ ಕುಂಡದ ಮಣ್ಣು ಕೆದಕಿ ನೋಡಿ. ಸಾಸಿವೆಗಿಂತ ದಪ್ಪನೆಯ, ತಿಳಿ ಹಳದಿ ಮೊಟ್ಟೆಗಳು ಅಲ್ಲಿಂದಲೇ ಮನೆಗೆ ಬರುತ್ತವೆ.

ಹಣ್ಣು ನೊಣ

ಕೃಷ್ಣಗಿರಿಯ ಮಾವಿಗೂ ನಮ್ಮ ಹಿತ್ತಲ ಹಾಗಲಕ್ಕೂ ಇದು ತೊಂದರೆ. ನೊಣ ಕಾಯಿಯೊಳಗೆ ಮೊಟ್ಟೆ ಇಡುತ್ತದೆ, ಹುಳು ಒಳಗೇ ಬೆಳೆದು ಮಣ್ಣಿಗೆ ಇಳಿದು ಕೋಶವಾಗುತ್ತದೆ. ಹುಳು ಕಾಯಿಯೊಳಗೆ ಇರುವುದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ತಾಕುವುದಿಲ್ಲ. ಉದುರಿದ ಕಾಯಿ-ಹಣ್ಣನ್ನು ದಿನವೂ ಆರಿಸಿ, ಪಾಲಿಥಿನ್ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ ಬಿಸಿಲಿಗಿಡಿ. ತಿಪ್ಪೆಗೆ ಎಸೆಯಬೇಡಿ. ಎಳೆ ಹಾಗಲ, ಪಡವಲಕ್ಕೆ ಕಾಗದ ಅಥವಾ ತೆಳು ಬಟ್ಟೆಯ ಚೀಲ ಕಟ್ಟಿ.

ಅಂಗಡಿಯಲ್ಲಿ ಮೋಹಕ ಬಲೆ ಸಿಗುತ್ತದೆ. ಮಾವು, ಸೀಬೆಗೆ ಮಿಥೈಲ್ ಯುಜಿನಾಲ್ ಬಲೆ. ಹಾಗಲ, ಹೀರೆ, ಸೋರೆ, ಕುಂಬಳಕ್ಕೆ ಕ್ಯೂ ಲೂರ್ ಬಲೆ. ಒಂದರ ಬದಲು ಇನ್ನೊಂದು ತಂದರೆ ಕೆಲಸ ಮಾಡದು. ಎರಡಕ್ಕೂ ಗಂಡು ನೊಣ ಮಾತ್ರ ಬೀಳುವುದರಿಂದ ಬಲೆ ಕಟ್ಟಿದರೂ ಉದುರಿದ್ದನ್ನು ಆರಿಸುವುದು ತಪ್ಪಬಾರದು.

ಗುಲಾಬಿಯ ಕಪ್ಪು ಚುಕ್ಕೆ

ಎಲೆ ಬಹಳ ಹೊತ್ತು ಒದ್ದೆ ಇದ್ದರೆ ಈ ರೋಗ. ಚುಕ್ಕೆ ಎಲೆಗಳನ್ನು, ಕೆಳಗೆ ಉದುರಿದವನ್ನೂ ಸೇರಿಸಿ ತೆಗೆದುಹಾಕಿ. ಒತ್ತಾದ ಕೊಂಬೆ ಕತ್ತರಿಸಿ ಗಾಳಿಯಾಡಲು ಬಿಡಿ. ನೀರನ್ನು ಬೆಳಗ್ಗೆ ಬುಡಕ್ಕೆ ಮಾತ್ರ ಹಾಕಿ. ಹೆಚ್ಚಾದರೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ.

ಕೊಲ್ಲಬಾರದ ಹುಳುಗಳು

2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಹಿಟ್ಟು ತಿಗಣೆ ಕಾಣಿಸಿಕೊಂಡು ತಮಿಳುನಾಡಿನ ಪರಂಗಿ, ಹಿಪ್ಪುನೇರಳೆ, ಮರಗೆಣಸನ್ನು ಹಾಳು ಮಾಡಿತು. ಔಷಧಿಗೆ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಸಂಸ್ಥೆ, ಅಂದರೆ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಪೋರ್ಟೊ ರಿಕೊದಿಂದ ಪುಟ್ಟ ಕಣಜಗಳನ್ನು ತರಿಸಿ ಬೆಳೆಸಿ ಹಂಚಿತು. ಅವು ತಿಗಣೆಯೊಳಗೇ ಮೊಟ್ಟೆ ಇಟ್ಟು ಅದನ್ನು ಹತೋಟಿಗೆ ತಂದವು. ಸಿಕ್ಕ ಸಿಕ್ಕ ಔಷಧಿ ಹೊಡೆದರೆ ಸಾಯುವುದು ಇಂಥ ಉಪಕಾರಿಗಳೇ.

ಬಿಳಿ ಹತ್ತಿಯಂಥ ಕೂದಲಿನ ಒಂದು ಮರಿಹುಳು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ, ಆದರೆ ಅದು ತಿಗಣೆಯನ್ನು ತಿನ್ನುವ ಜೀರುಂಡೆಯ ಮರಿ. ಕಡ್ಡಿಯಿಂದ ಮುಟ್ಟಿ ನೋಡಿ. ಚುರುಕಾಗಿ ಓಡಿದರೆ ನಮ್ಮದು, ಅಲ್ಲೇ ಕುಳಿತರೆ ತಿಗಣೆ.

ಅಂಗಡಿಯಲ್ಲಿ ಹೆಸರಿನ ಗೊಂದಲ

ಹೊಸೂರು ಪೇಟೆಯಲ್ಲಿ ಕನ್ನಡ ನಡೆದರೂ ಔಷಧಿ ಅಂಗಡಿಯಲ್ಲಿ ತಮಿಳು ಹೆಸರೇ ಚಾಲ್ತಿ. ಬಸವನ ಹುಳು ಅಲ್ಲಿ ನತ್ತೈ, ಹಣ್ಣು ನೊಣ ಪಳ ಈ, ಬಿಳಿ ನೊಣ ವೆಳ್ಳೈ ಈ, ಸಸ್ಯ ಹೇನು ಅಸುವಿನಿ, ಬೇವಿನ ಎಣ್ಣೆ ವೇಪ್ಪೆಣ್ಣೈ. ಎರಡು ಕಡೆ ಎಚ್ಚರ ಬೇಕು. ಮಾವುಪ್ಪೂಚ್ಚಿ ಎಂದರೆ ಮಾವಿನ ಹುಳುವಲ್ಲ. ತಮಿಳಿನಲ್ಲಿ ಮಾವು ಎಂದರೆ ಹಿಟ್ಟು, ಹಾಗಾಗಿ ಅದು ಹಿಟ್ಟು ತಿಗಣೆ. ಇಲೈಪ್ಪೇನ್ ಎನ್ನುವುದು ನಮ್ಮ ಕಿವಿಗೆ ಎಲೆ ಹೇನು ಎಂದು ಕೇಳಿಸುತ್ತದೆ, ಆದರೆ ಅವರು ಹಾಗೆನ್ನುವುದು ಥ್ರಿಪ್ಸ್‌ಗೆ. ಹೆಸರಿನ ಮೇಲೆ ನಂಬಿಕೆ ಇಡುವ ಬದಲು ಹುಳು ಸಹಿತ ಎಲೆಯನ್ನು ಪಾಲಿಥಿನ್ ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಹೇನು, ಬಿಳಿ ನೊಣಕ್ಕೆ ಮೊದಲು ನೀರಿನ ಪೈಪಿನಿಂದ ಎಲೆಯಡಿ ಜೋರಾಗಿ ತೊಳೆಯಿರಿ. ಕಡಿಮೆಯಾಗದಿದ್ದರೆ ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪು ಬೆರೆಸಿ, ಮಳೆ ಇಲ್ಲದ ಸಂಜೆ ಸಿಂಪಡಿಸಿ. ಮಳೆ ಬಂದರೆ ಮತ್ತೊಮ್ಮೆ ಸಿಂಪಡಿಸಬೇಕಾಗುತ್ತದೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮನೆಯ ತರಕಾರಿಗೆ ಕೆಂಪು, ಹಳದಿ ಎರಡೂ ಬೇಡ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಹೊಡೆಯುವುದು ಕಾನೂನಿನಲ್ಲೇ ನಿಷಿದ್ಧ.

ಹೆಚ್ಚಿನ ಸಲಹೆಗೆ ನಮ್ಮ ಜಿಲ್ಲೆಯ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551. ನಿಮ್ಮ ಊರಿನಲ್ಲಿ ಈ ಹುಳುಗಳಿಗೆ ಬೇರೆ ಕನ್ನಡ ಹೆಸರುಗಳಿದ್ದರೆ ಸಂಘಕ್ಕೆ ಬರೆದು ತಿಳಿಸಿ.