ಹೊಡೆ ಬರುವ ಮೊದಲೇ ತೂಗುವ ಕಣ್ಣು

ಅಮೆರಿಕದ ಓಕ್ಲಹೋಮಾದಲ್ಲಿ ಚಳಿಗಾಲದ ಗೋಧಿ ಬಿತ್ತುವ ಕೆಲವು ರೈತರು ಹೊಲದ ಒಂದು ಪಟ್ಟಿಗೆ ಮಾತ್ರ ಸಾರಜನಕವನ್ನು ಕೈಬಿಚ್ಚಿ ಹಾಕುತ್ತಾರೆ. ಉಳಿದದ್ದಕ್ಕೆ ಮಿತವಾಗಿ. ಚಳಿ ಕಳೆದು ಪೈರು ಮತ್ತೆ ಚಿಗಿಯುವಾಗ ಆ ಪಟ್ಟಿ ಕಡುಹಸಿರಾಗಿ ಎದ್ದು ಕಂಡರೆ ಹೊಲಕ್ಕೆ ಇನ್ನೂ ಹಸಿವಿದೆ ಎಂದರ್ಥ. ಪಟ್ಟಿಯ ಗುರುತೇ ಸಿಗದಿದ್ದರೆ ಗೊಬ್ಬರದ ಚೀಲ ಬಿಚ್ಚುವ ಅಗತ್ಯವಿಲ್ಲ.

ಈ ಪಟ್ಟಿಯ ಲೆಕ್ಕವನ್ನು ಶಾಸ್ತ್ರವಾಗಿ ಕಟ್ಟಿದವರು ಓಕ್ಲಹೋಮಾ ಸ್ಟೇಟ್ ಯೂನಿವರ್ಸಿಟಿಯ ವಿಲಿಯಂ ರಾನ್ ಮತ್ತು ಸಂಗಡಿಗರು. ಧಾನ್ಯದ ಬೆಳೆಗಳಿಗೆ ಜಗತ್ತು ಸುರಿಯುವ ಸಾರಜನಕದಲ್ಲಿ ಸುಮಾರು ಶೇ 33 ಮಾತ್ರ ಕಾಳಿಗೆ ದಕ್ಕುತ್ತದೆ ಎಂದು ರಾನ್ ಮತ್ತು ಅವರ ಸಹೋದ್ಯೋಗಿ ಜಾನ್ಸನ್ 1999ರಲ್ಲಿ ಲೆಕ್ಕ ಹಾಕಿದ್ದರು. ಆಗ ಪೈರಿನ ಹಸಿರನ್ನು ಅಳೆಯುವ ಸಂವೇದಕ ಕೈಯಲ್ಲೋ ಟ್ರ್ಯಾಕ್ಟರ್ ಮೇಲೋ ಇರುತ್ತಿತ್ತು. ಅದೇ ಕೆಲಸವನ್ನು ಈಗ ಡ್ರೋನ್ ಕೆಲವೇ ನಿಮಿಷಗಳಲ್ಲಿ ಇಡೀ ಹೊಲಕ್ಕೆ ಮಾಡುತ್ತದೆ.

ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹಿಂದಕ್ಕೆ ಬರುವ ಈ ಎರಡು ಬೆಳಕುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವ ಹಸಿರಿನ ಅಂಕಿಯೇ ಎನ್‌ಡಿವಿಐ. ಬರಿನೆಲಕ್ಕೆ 0.1–0.2ರ ಆಸುಪಾಸು, ದಟ್ಟ ಪೈರಿಗೆ 0.8 ದಾಟಬಹುದು. ಆದರೆ ಬರೀ ಈ ಅಂಕಿಯನ್ನು ನಂಬಿ ಇಳುವರಿ ಹೇಳಲಾಗದು. ಇಪ್ಪತ್ತು ದಿನಕ್ಕೆ ಮೊಣಕಾಲೆತ್ತರ ಬಂದ ಪೈರೂ ನಲವತ್ತು ದಿನಕ್ಕೆ ಅಷ್ಟೇ ಎತ್ತರ ಬಂದ ಪೈರೂ ಒಂದೇ ಆದೀತೇ? ಹಾಗಾಗಿ ರಾನ್ ತಂಡ ಆ ಅಂಕಿಯನ್ನು ಬಿತ್ತನೆಯ ನಂತರ ಪೈರು ಬೆಳೆಯುವಷ್ಟು ಬೆಚ್ಚಗಿದ್ದ ದಿನಗಳಿಂದ ಭಾಗಿಸಿತು. ದಿನಕ್ಕೆಷ್ಟು ಹಸಿರು ಗಳಿಸಿದೆ ಎಂಬ ಈ ವೇಗವೇ ಇಳುವರಿಯ ಮೊದಲ ಸುಳಿವು. ಹೊಲದ ಅಂಕಿ 0.5, ಪಟ್ಟಿಯದು 0.6 ಎಂದಿಟ್ಟುಕೊಳ್ಳಿ, ಸಾರಜನಕ ಕೊಟ್ಟರೆ ಇಳುವರಿ ಸುಮಾರು ಶೇ 20 ಏರಲು ಅವಕಾಶವಿದೆ.

ನಮ್ಮ ಮುಂಗಾರಿಗೆ ಡ್ರೋನ್ ಒಗ್ಗಲು ಬೇರೊಂದು ಕಾರಣವಿದೆ. ಸೆಂಟಿನೆಲ್–2 ಉಪಗ್ರಹಗಳು ಐದು ದಿನಕ್ಕೊಮ್ಮೆ ಬಂದರೂ ಅವುಗಳ ಕಣ್ಣಿಗೆ ಮೋಡವೇ ಪರದೆ. ಅವುಗಳ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಹತ್ತು ಮೀಟರ್. ನಮ್ಮ ಎಷ್ಟೋ ಮಡಿಗಳು ಅದಕ್ಕಿಂತ ಹೆಚ್ಚು ಅಗಲವಿರುವುದಿಲ್ಲ. ಮೋಡದ ಕೆಳಗೆ ಹಾರುವ ಡ್ರೋನ್ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ನೋಡುತ್ತದೆ. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ತೆಂಡೆ ಒಡೆಯುವಾಗೊಮ್ಮೆ, ತೆನೆ ಒಳಗೊಳಗೇ ರೂಪುಗೊಳ್ಳುವಾಗೊಮ್ಮೆ ಮೇಲುಗೊಬ್ಬರ ಬೀಳುತ್ತದೆ. ಎರಡನೆಯ ಕಂತಿಗೆ ಮುಂಚಿನ ಆ ವಾರವೇ ಚಿತ್ರಕ್ಕೆ ಬೆಲೆ ಇರುವ ಕಾಲ.

ಡ್ರೋನಿಗೆ ಕಾಣುವುದು ಎಲೆ, ಕಾಳಲ್ಲ. ಕಳೆಯೂ ಅದಕ್ಕೆ ಹಸಿರೇ. ನಾಟಿಯ ಹೊಸದರಲ್ಲಿ ಗದ್ದೆಯಲ್ಲಿ ನಿಂತ ನೀರು ಅಂಕಿಯನ್ನು ತಗ್ಗಿಸುತ್ತದೆ; ಪೈರು ದಟ್ಟವಾದ ಮೇಲೆ ಅಂಕಿ ಮೇಲೇರದೆ ನಿಂತುಬಿಡುತ್ತದೆ. ಹೂ ಬಿಡುವಾಗ ಬಿಸಿಲು ಸುಟ್ಟರೆ, ಕುತ್ತಿಗೆ ಬೆಂಕಿರೋಗ ತಗುಲಿದರೆ ಮೊದಲು ಕಂಡ ಹಸಿರೆಲ್ಲ ಜೊಳ್ಳಾಗಬಹುದು. ಅದಕ್ಕೇ ಇದನ್ನು ಇಳುವರಿ ಎನ್ನದೆ ಇಳುವರಿಯ ಸಾಮರ್ಥ್ಯ ಎನ್ನುವುದು. ಈ ಭೇದವನ್ನು ರೈತರಿಗೆ ಬಿಡಿಸಿ ಹೇಳದೆ ಬರೀ ಬಣ್ಣದ ನಕ್ಷೆ ಕೈಗಿಡುವುದು ಮೋಸವೆಂದೇ ನನ್ನ ಭಾವನೆ.

ಬೆಳೆ ವಿಮೆಗಾಗಿ ಇಳುವರಿ ಅಳೆಯುವ ಭತ್ತದ ಬೆಳೆ ಕಟಾವು ಪ್ರಯೋಗದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಕೊಯ್ದು ತೂಗುತ್ತಾರೆ. 2023ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯು ಭತ್ತ, ಗೋಧಿಗಳಿಗೆ ದೂರಸಂವೇದಿ ಅಂದಾಜಿಗೂ ಕನಿಷ್ಠ ಶೇ 30 ತೂಕ ಕೊಟ್ಟಿದೆ. ಒಳ್ಳೆಯದೇ. ಆದರೆ ಅದು ಪರಿಹಾರದ ಲೆಕ್ಕ. ಅಷ್ಟು ಹೊತ್ತಿಗೆ ಬೆಳೆಯ ಹಣೆಬರಹ ಬರೆದಾಗಿರುತ್ತದೆ. ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು ಹೊರಟ ಯೋಜನೆಯಲ್ಲೂ ಮುಖ್ಯ ಕೆಲಸ ಔಷಧಿ, ದ್ರವಗೊಬ್ಬರ ಸಿಂಪಡಣೆ. ಅದೇ ಹೆಣ್ಣುಮಕ್ಕಳಿಗೆ ಅವಕೆಂಪು ನೋಡುವ ಕ್ಯಾಮೆರಾ ಇರುವ ಚಿಕ್ಕ ಡ್ರೋನನ್ನೂ ಅದರ ತರಬೇತಿಯನ್ನೂ ಕೊಟ್ಟರೆ, ಯಾವ ಮಡಿಗೆ ಯೂರಿಯಾ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವರು ಸಿಂಪಡಿಸುವ ಮೊದಲೇ ಬದುವಿನ ಮೇಲೆ ನಿಂತು ಹೇಳಬಲ್ಲರು.