ನೆರೆಯ ನೀರೂ ಕಬ್ಬಿನ ಮರೆಯೂ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಳೆಸಾಲಿನವರಿಗೆ ತಮ್ಮ ಆಕಾಶ ನೋಡಿ ನೆರೆಯನ್ನು ಊಹಿಸುವ ಅನುಕೂಲವಿಲ್ಲ. ಊರ ಮೇಲೆ ಹನಿ ಬೀಳದಿದ್ದರೂ ಮಹಾಬಳೇಶ್ವರದ ಕಡೆ, ಕೊಯ್ನಾ ಕಣಿವೆಯಲ್ಲಿ ಮಳೆ ಹಿಡಿದರೆ ಕೃಷ್ಣೆ ಏರುತ್ತಾಳೆ. ನಿಪ್ಪಾಣಿಯ ಬದಿಗೆ ದೂಧಗಂಗಾ, ವೇದಗಂಗಾ ನದಿಗಳೂ ಉಕ್ಕುತ್ತವೆ. ಕಲ್ಲೋಳ-ಯಡೂರ ಸೇತುವೆ ಮುಳುಗಿತೆಂಬುದು ಇಲ್ಲಿ ಮಳೆಗಾಲದ ವಾಡಿಕೆಯ ಸುದ್ದಿ. ಆದರೆ ೨೦೧೯ರ ಆಗಸ್ಟ್ ತಿಂಗಳ ನೆರೆ ವಾಡಿಕೆಯದಾಗಿರಲಿಲ್ಲ. ಎಷ್ಟೋ ಊರುಗಳನ್ನು ಬರಿದು ಮಾಡಿ ಜನರನ್ನು ಪರಿಹಾರ ಕೇಂದ್ರಗಳಿಗೆ ಸಾಗಿಸಬೇಕಾಯಿತು.

ಅಂಥ ವೇಳೆಯಲ್ಲಿ ನೀರು ಎಲ್ಲಿಯವರೆಗೆ ಹಬ್ಬಿದೆಯೆಂದು ನಡೆದು ನೋಡುವುದು ಆಗದ ಮಾತು. ಮೇಲಿನಿಂದ ನೋಡುವ ಸಾಮಾನ್ಯ ಕ್ಯಾಮೆರಾಕ್ಕೆ ಮೋಡವೇ ಅಡ್ಡ. ಆದುದರಿಂದ ರೇಡಾರ್ ಹೊತ್ತ ಕೃತಕ ಉಪಗ್ರಹಗಳ ನೆರವು ಬೇಕಾಗುತ್ತದೆ. ಯುರೋಪಿನವರು ೨೦೧೪ರಲ್ಲಿ ಹಾರಿಸಿದ ಸೆಂಟಿನೆಲ್-೧, ಭಾರತವು ೨೦೨೨ರಲ್ಲಿ ಹಾರಿಸಿದ ಇ.ಓ.ಎಸ್.-೦೪ ಈ ಬಗೆಯವು. ಇವು ನೆಲಕ್ಕೆ ರೇಡಿಯೋ ಅಲೆಗಳನ್ನು ಕಳುಹಿ, ಮರಳಿ ಬಂದ ಅಲೆಯ ಬಲವನ್ನು ಅಳೆಯುತ್ತವೆ. ಮೋಡವಾಗಲಿ ಇರುಳಾಗಲಿ ಅವಕ್ಕೆ ಅಡ್ಡಿಯಲ್ಲ. ನಯವಾದ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಹೊರಳಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಒರಟಾದ ನೆಲ ಬೆಳ್ಳಗೆ ತೋರುತ್ತದೆ.

ಆದರೆ ಉಪಗ್ರಹ ಕಳುಹುವುದು ಚಿತ್ರವನ್ನಲ್ಲ, ಅಂಕಿಗಳ ರಾಶಿಯನ್ನು. ಸೆಂಟಿನೆಲ್ ನೀಡುವ ಒಂದೊಂದು ಚುಕ್ಕೆಗೆ ೧೦ ಮೀಟರು ಉದ್ದ, ಅಷ್ಟೇ ಅಗಲ. ಎಕರೆಗೆ ಸುಮಾರು ೪೦ ಚುಕ್ಕೆ. ೨೫೦ ಕಿಲೋಮೀಟರು ಅಗಲ, ೧೦೦ ಕಿಲೋಮೀಟರು ಉದ್ದದ ನೆಲಕ್ಕೆ ೨೫ ಕೋಟಿ ಅಂಕಿಗಳಾದವು! ಇವುಗಳಲ್ಲಿ ನೀರಾವುದು, ನೆಲವಾವುದು? ಜಪಾನಿನ ನೊಬುಯುಕಿ ಓತ್ಸು ೧೯೭೯ರಲ್ಲಿ ಪ್ರಕಟಿಸಿದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಯಾವ ಹೊಳಪಿನ ಚುಕ್ಕೆಗಳು ಎಷ್ಟಿವೆಯೆಂದು ಗಣಕಯಂತ್ರವು ಎಣಿಸಿ ನಕ್ಷೆ ಬರೆದರೆ ಎರಡು ಗುಡ್ಡಗಳು ಮೂಡುತ್ತವೆ, ಒಂದು ನೀರಿನದು, ಒಂದು ನೆಲದ್ದು. ಎರಡು ಗುಂಪುಗಳೂ ತಮ್ಮೊಳಗೆ ಆದಷ್ಟು ಏಕರೂಪವಾಗಿರುವಂತೆ ಗಡಿಗೆರೆ ಎಳೆಯುವುದೇ ಓತ್ಸು ವಿಧಾನ. ಇಡೀ ರಾಶಿಯನ್ನು ಒಮ್ಮೆಗೇ ತೆಗೆದುಕೊಂಡರೆ ಮಾತ್ರ ನೀರಿನ ಸಣ್ಣ ಗುಡ್ಡ ನೆಲದ ದೊಡ್ಡ ಗುಡ್ಡದಲ್ಲಿ ಅಡಗಿಹೋಗುವುದುಂಟು. ಆದ್ದರಿಂದ ತುಂಡುತುಂಡಾಗಿ ಎಣಿಸಬೇಕು.

ಇಷ್ಟಾದರೂ ಈ ಸೀಮೆಯಲ್ಲಿ ಗಣಕವನ್ನು ಮೋಸಗೊಳಿಸುವ ಬೆಳೆಯೊಂದಿದೆ, ಕಬ್ಬು. ಆಗಸ್ಟಿನಲ್ಲಿ ಆಳೆತ್ತರ ನಿಂತ ಕಬ್ಬಿನ ಬುಡದಲ್ಲಿ ಸೊಂಟದುದ್ದ ನೀರಿದ್ದರೂ ಐದಾರು ಸೆಂಟಿಮೀಟರಿನ ಅಲೆ ಗರಿಗಳಿಗೇ ತಾಗಿ ಮರಳುತ್ತದೆ. ಗದ್ದೆ ಒಣಗಿದೆಯೆಂದು ಯಂತ್ರದ ತೀರ್ಪು! ದಿನಗಟ್ಟಲೆ ನೀರುಂಡ ಬೇರು ಕೊಳೆಯುತ್ತಿರುವುದು ರೈತನಿಗೆ ಮಾತ್ರ ಗೊತ್ತು. ಇಂಥ ನಕ್ಷೆಯೊಂದನ್ನೇ ನಂಬಿ ಪರಿಹಾರದ ಪಟ್ಟಿ ಬರೆದರೆ ಆತನ ಹೆಸರು ಅದರಲ್ಲಿ ಇರಲಾರದು.

ಇದಕ್ಕೆ ಮದ್ದೂ ಇದೆ, ಪೂರ್ತಿ ಅಲ್ಲದಿದ್ದರೂ. ನೆರೆಗೆ ಮುನ್ನಿನ ಅಂಕಿಗಳೊಡನೆ ಹೋಲಿಸಿ ನೋಡುವುದು ಒಂದು. ನೆಲದ ಎತ್ತರದ ನಕ್ಷೆಯನ್ನು ಜೊತೆಗಿಟ್ಟುಕೊಳ್ಳುವುದು ಇನ್ನೊಂದು: ಸುತ್ತಲೂ ನೀರು, ಮಟ್ಟವೂ ನೀರಿಗಿಂತ ತಗ್ಗು, ಆದರೂ ಒಣಗಿದೆ ಎಂದರೆ ಆ ಚುಕ್ಕೆಯನ್ನು ಶಂಕಿಸಬೇಕು. ಅಂಥವನ್ನು ಬಲವಂತವಾಗಿ ನೆಲದ ಇಲ್ಲವೆ ನೀರಿನ ಲೆಕ್ಕಕ್ಕೆ ಸೇರಿಸುವುದಕ್ಕಿಂತ ಮೂರನೆಯ ಬಣ್ಣ ಹಚ್ಚಿ ತೋರಿಸುವುದೇ ಸರಿ. ನೀರಿಳಿದ ಮೇಲೆ ತಲಾಠಿ ಮೊದಲು ಕೆಸರು ತುಳಿಯಬೇಕಾದದ್ದು ಆ ಬಣ್ಣದ ಹೊಲಗಳಲ್ಲಿ.