ಸಾರಟೋಗದ ಸುದ್ದಿ ಮಂಗಳೂರು ಮುಟ್ಟಿದ ಬಗೆ

1777ರ ಜೂನ್‌ನಲ್ಲಿ ಬ್ರಿಟಿಷ್ ಜನರಲ್ ಜಾನ್ ಬರ್ಗಾಯ್ನ್ ಕೆನಡಾದಿಂದ ದಕ್ಷಿಣಕ್ಕೆ ಹೊರಟ. ಜೊತೆಗೆ ಎಂಟು ಸಾವಿರದಷ್ಟು ಸೈನ್ಯ, ಅದರಲ್ಲಿ ದೊಡ್ಡ ಪಾಲು ಬಾಡಿಗೆಗೆ ತಂದ ಜರ್ಮನ್ ಸಿಪಾಯಿಗಳು. ಹಡ್ಸನ್ ನದಿಗುಂಟ ಆಲ್ಬನಿವರೆಗೆ ಇಳಿದು, ಬ್ರಿಟನ್ ವಿರುದ್ಧ ಎದ್ದ ದಂಗೆಯ ತವರಾದ ನ್ಯೂ ಇಂಗ್ಲೆಂಡನ್ನು ಉಳಿದ ಅಮೆರಿಕನ್ ವಸಾಹತುಗಳಿಂದ ಕಡಿದುಹಾಕಬೇಕೆಂಬ ಲೆಕ್ಕಾಚಾರ. ನ್ಯೂಯಾರ್ಕಿನಲ್ಲಿದ್ದ ಜನರಲ್ ಹೋವ್ ಎದುರಿನಿಂದ ಬಂದು ಕೂಡಿಕೊಳ್ಳುತ್ತಾನೆ ಎಂದು ಅವನು ನಂಬಿದ್ದ. ಹೋವ್ ತನ್ನ ಪಾಡಿಗೆ ಹಡಗು ಹತ್ತಿ ಫಿಲಡೆಲ್ಫಿಯಾ ಹಿಡಿಯಲು ಹೋದ. ಲಂಡನ್ನಿನಲ್ಲಿ ಕೂತ ಮಂತ್ರಿ ಎರಡೂ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿದ್ದ.

ಬರ್ಗಾಯ್ನ್‌ನನ್ನು ಮೊದಲು ಸೋಲಿಸಿದ್ದು ಕಾಡು ಎಂದೇ ಹೇಳಬೇಕು. ಜುಲೈ ಮೊದಲ ವಾರ ಟೈಕೊಂಡರೋಗ ಕೋಟೆ ಸಲೀಸಾಗಿ ಕೈಸೇರಿತು. ಅಲ್ಲಿಂದ ಮುಂದೆ ಅಮೆರಿಕನ್ನರು ಕೊಡಲಿ ಹಿಡಿದರು. ದಾರಿಗಡ್ಡ ಮರ ಉರುಳಿಸಿದರು, ಸೇತುವೆ ಮುರಿದರು, ಹಳ್ಳಗಳಿಗೆ ಒಡ್ಡು ಕಟ್ಟಿ ದಾರಿಯನ್ನೇ ಕೆಸರುಗದ್ದೆ ಮಾಡಿದರು. ಫಿರಂಗಿ ಸಾಲನ್ನೂ ಸಾಮಾನಿನ ಗಾಡಿಗಳನ್ನೂ ಎಳೆದುಕೊಂಡು ಹೊರಟ ಸೈನ್ಯ ನಲವತ್ತಕ್ಕೂ ಹೆಚ್ಚು ಸೇತುವೆ ಕಟ್ಟಿಕೊಳ್ಳಬೇಕಾಯಿತು. ಇಪ್ಪತ್ತು ಚಿಲ್ಲರೆ ಮೈಲಿಗೆ ಸುಮಾರು ಮೂರು ವಾರ! ಅಷ್ಟರಲ್ಲಿ ದವಸ ಕರಗಿತ್ತು. ಕುದುರೆ, ಕಾಳುಕಡ್ಡಿ ತರಲೆಂದು ಬೆನಿಂಗ್ಟನ್ ಕಡೆ ಕಳಿಸಿದ ತುಕಡಿಗಳು ಆಗಸ್ಟ್ 16ರಂದು ನುಚ್ಚುನೂರಾದವು.

ಸಾರಟೋಗದಲ್ಲಿ ಎರಡು ಕಾಳಗ ನಡೆದವು. ಸೆಪ್ಟೆಂಬರ್ 19ರಂದು ನೆಲ ಬ್ರಿಟಿಷರ ಕೈಯಲ್ಲಿ ಉಳಿಯಿತು, ಆದರೆ ನಷ್ಟವೂ ಅವರದೇ ಹೆಚ್ಚು. ಅಕ್ಟೋಬರ್ 7ರಂದು ಅವರು ಪೂರ್ತಿ ಕುಸಿದರು. ಪೋಲೆಂಡಿನ ಎಂಜಿನಿಯರ್ ಕೊಶ್ಚುಷ್ಕೊ ಅಮೆರಿಕನ್ನರಿಗಾಗಿ ಗುಡ್ಡದ ಮೇಲೆ ಕಟ್ಟಿಸಿದ ಮೋರ್ಚೆ ನದಿಪಕ್ಕದ ದಾರಿಯನ್ನೇ ಕಾಯುತ್ತಿತ್ತು. ಅಂದು ಮುನ್ನುಗ್ಗಿ ಕಾಲಿಗೆ ಗುಂಡು ತಿಂದ ಅಮೆರಿಕನ್ ಜನರಲ್ ಬೆನೆಡಿಕ್ಟ್ ಆರ್ನಲ್ಡ್ ಮೂರು ವರ್ಷಕ್ಕೆ ಬ್ರಿಟಿಷರ ಪಾಳಯ ಸೇರಿದ. ಹೀಗಾಗಿ ರಣರಂಗದಲ್ಲಿ ಅವನ ಬೂಟಿಗೆ ಸ್ಮಾರಕವಿದೆ, ಅದರ ಮೇಲೆ ಹೆಸರಿಲ್ಲ. ಅಕ್ಟೋಬರ್ 17ರಂದು ಬರ್ಗಾಯ್ನ್ ಐದು ಸಾವಿರಕ್ಕೂ ಮಿಕ್ಕಿದ ಸೈನ್ಯದೊಡನೆ ಶರಣಾದ.

ಇಷ್ಟಾದರೂ ಯುದ್ಧವೇನೂ ಮುಗಿದಿರಲಿಲ್ಲ. ಅದೇ ಶರತ್ಕಾಲದಲ್ಲಿ ವಾಷಿಂಗ್ಟನ್ ಎರಡು ಕಡೆ ಸೋತಿದ್ದ, ರಾಜಧಾನಿ ಫಿಲಡೆಲ್ಫಿಯಾ ಹೋವ್‌ನ ಕೈಯಲ್ಲಿತ್ತು. ಸಾರಟೋಗ ನಿಜವಾಗಿ ಫಲ ಕೊಟ್ಟಿದ್ದು ಫ್ರಾನ್ಸಿನಲ್ಲಿ. ನಾಟಕಕಾರ ಬೋಮಾರ್ಷೆ ಹೆಸರಿಗೊಂದು ವ್ಯಾಪಾರಿ ಕಂಪನಿ ತೆರೆದು ಬಂಡುಕೋರರಿಗೆ ಬಂದೂಕು, ಮದ್ದು ಸಾಗಿಸುತ್ತಲೇ ಇದ್ದ. ಆದರೆ ಸೋಲುವವರ ಪರ ಬಹಿರಂಗವಾಗಿ ನಿಲ್ಲಲು ವಿದೇಶಾಂಗ ಮಂತ್ರಿ ವೆರ್ಜೆನ್ ಹಿಂದೆಮುಂದೆ ನೋಡುತ್ತಿದ್ದ. ಡಿಸೆಂಬರ್ 4ರಂದು ಪ್ಯಾರಿಸ್ ಹತ್ತಿರದ ಪಾಸಿಯಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಬರ್ಗಾಯ್ನ್ ಶರಣಾದ ವಾರ್ತೆ ತಲುಪಿತು. 1778ರ ಫೆಬ್ರುವರಿ 6ಕ್ಕೆ ಫ್ರಾನ್ಸ್ ಮತ್ತು ಅಮೆರಿಕದ ಮೈತ್ರಿ ಒಪ್ಪಂದದ ಮೇಲೆ ರುಜು ಬಿತ್ತು. ಎರಡು ತಿಂಗಳು, ಅಷ್ಟೆ. ರಾಜನೇ ಇಲ್ಲದ ರಾಜ್ಯ ಕಟ್ಟಹೊರಟವರಿಗೆ 16ನೇ ಲೂಯಿ ದೊರೆ ಸಾಲ ಮಾಡಿ ನೆರವಾದ. ಆ ಸಾಲ ಅವನ ಸಿಂಹಾಸನಕ್ಕೇ ಮುಳುವಾಯಿತು.

ಇನ್ನು ಜಗಳ ಅಮೆರಿಕದಲ್ಲಷ್ಟೇ ಉಳಿಯುವ ಹಾಗಿರಲಿಲ್ಲ. ಫ್ರಾನ್ಸ್ ಜೊತೆ ಯುದ್ಧ ಶುರುವಾದದ್ದೇ ತಡ, ಈಸ್ಟ್ ಇಂಡಿಯಾ ಕಂಪನಿ 1778ರ ಅಕ್ಟೋಬರ್‌ನಲ್ಲಿ ಪಾಂಡಿಚೇರಿಯನ್ನೂ ಮುಂದಿನ ಮಾರ್ಚ್‌ನಲ್ಲಿ ಮಲಬಾರಿನ ಮಾಹೆಯನ್ನೂ ಕಿತ್ತುಕೊಂಡಿತು. ಮೈಸೂರಿಗೆ ಫ್ರೆಂಚರ ಶಸ್ತ್ರಾಸ್ತ್ರ ಇಳಿಯುತ್ತಿದ್ದ ಬಂದರು ಮಾಹೆ. ಅದು ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಹೈದರ್ ಅಲಿ ಮೊದಲೇ ಎಚ್ಚರಿಸಿದ್ದ. ಮರಾಠರ ವಿರುದ್ಧ ನೆರವಿಗೆ ಬರುತ್ತೇವೆಂದು 1769ರಲ್ಲಿ ಮಾತು ಕೊಟ್ಟು ತಪ್ಪಿದ ಇಂಗ್ಲಿಷರ ಮೇಲೆ ಅವನಿಗೆ ಹಳೇ ಸಿಟ್ಟೂ ಇತ್ತು. 1780ರ ಜುಲೈನಲ್ಲಿ ಅವನ ಸೈನ್ಯ ಘಟ್ಟ ಇಳಿಯಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಕರ್ನಲ್ ಬೇಲಿಯ ಪಡೆ ಸರ್ವನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಪಲ್ಲಕ್ಕಿಯೊಳಗೆ ಕೂತಿರುವವನು ಇದೇ ಬೇಲಿ.

ಸಮಾನ ಶತ್ರುವಿಗೆ ಬಿದ್ದ ಈ ಪೆಟ್ಟು ಅಮೆರಿಕನ್ನರಿಗೂ ಗೊತ್ತಿತ್ತು. ಪೆನ್ಸಿಲ್ವೇನಿಯಾದ ಯುದ್ಧನೌಕೆಯೊಂದಕ್ಕೆ ಹೈದರನ ಹೆಸರೇ ಇತ್ತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

ಆ ಹೊತ್ತಿಗೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಶರಣಾಗಿದ್ದ. ಅದನ್ನು ಸಾಧ್ಯ ಮಾಡಿದ್ದು ಸಾರಟೋಗ ಗಳಿಸಿಕೊಟ್ಟ ಫ್ರೆಂಚ್ ನೌಕಾಪಡೆ. 1783ರ ಜನವರಿಯಲ್ಲಿ ಯುರೋಪಿನಲ್ಲಿ ಶಾಂತಿಯ ಮಾತಾಯಿತು. ಅದು ತಿಳಿಯದೆ ಜೂನ್‌ನಲ್ಲಿ ಕಡಲೂರಿನ ಎದುರು ಸಮುದ್ರದಲ್ಲಿ ಬ್ರಿಟಿಷ್, ಫ್ರೆಂಚ್ ನೌಕಾಪಡೆಗಳು ಕಾದಾಡುತ್ತಿದ್ದವು.

ಹೈದರ್ ತೀರಿಕೊಂಡಿದ್ದ. ಅವನ ಮಗ ಟಿಪ್ಪು ಇಂಗ್ಲಿಷರ ಕೈಯಲ್ಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಶಾಂತಿಯ ವಾರ್ತೆ ಅಲ್ಲಿಗೆ ಬಂದದ್ದೇ ಅವನ ಜೊತೆಗಿದ್ದ ಫ್ರೆಂಚ್ ತುಕಡಿ ಯುದ್ಧದಿಂದ ಹಿಂದೆ ಸರಿಯಿತು. ಅವರ ಮಟ್ಟಿಗೆ ಕೆಲಸ ಮುಗಿದಿತ್ತು, ಅಮೆರಿಕ ಸ್ವತಂತ್ರವಾಗಿತ್ತು. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ ಕೋಟೆ ಪಡೆದ. 1784ರ ಮಾರ್ಚ್ 11ರಂದು ಕಂಪನಿಯವರು ಮಂಗಳೂರಿಗೇ ಬಂದು ಅವನೊಡನೆ ಒಪ್ಪಂದ ಮಾಡಿಕೊಂಡರು. ಎಂಟು ವರ್ಷದ ನಂತರ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಅವನ ಅರ್ಧ ರಾಜ್ಯ ಬರೆಸಿಕೊಂಡವನು ಯಾರ್ಕ್‌ಟೌನ್‌ನಲ್ಲಿ ಸೋತ ಅದೇ ಕಾರ್ನ್‌ವಾಲಿಸ್.